ಮುದ್ದೆಗೆ ಮುಂಚೆ ಎರಡು ಮಾತು

ಮಕ್ಕಳ ವಿಶ್ವಾಸ ಬೆಳೆಯಲು ಭಾನುವಾರದ ಪ್ರಸಂಗ ಒಂದೇ ಸಾಲದು. ಮನೆಯ ರೂಢಿಯೂ ಬೇಕು. ಹಿರಿಯೂರಿನ ನಮ್ಮ ಮನೆಯಲ್ಲಿ ಮುದ್ದೆ ಮುರಿಯುವ ಮುಂಚೆ ಚಿಕ್ಕ ಪ್ರಾರ್ಥನೆ, ದೀಪ ಹಚ್ಚುವ ಹೊತ್ತಿಗೆ ಸತ್ಯವೇದದ ನಾಲ್ಕು ವಚನ. ಓದುವ ಸರದಿ ಮಕ್ಕಳದು; ತಡವರಿಸಿದರೂ ಸರಿಯೇ.

2016ರ ಬರದಲ್ಲಿ ಮಗಳು, "ದಿನಾ ಮಳೆ ಬೇಡ್ಕೊಂಡ್ವಲ್ಲಮ್ಮ, ಯಾಕೆ ಬರ್ಲಿಲ್ಲ?" ಎಂದಳು. "ನಂಗೂ ಗೊತ್ತಿಲ್ಲ ಕಣೆ. ಬೇಡೋದು ಬಿಡೋದು ಬೇಡ, ಇರೋ ನೀರು ಹಂಚ್ಕೊಳ್ಳೋಣ" ಎಂದೆ. ಪಕ್ಕದ ಮನೆಯ ಅಜ್ಜಿಗೆ ದಿನವೂ ಒಂದು ಬಿಂದಿಗೆ ನೀರು ಕೊಡುವುದು ಅವಳ ಪಾಲಿನ ಕೆಲಸವಾಯಿತು.

1933ರಲ್ಲಿ ಕೋಡಿ ಬಿದ್ದ ನಮ್ಮ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಕ್ಕೆ! ಕಾಯುವುದೂ ಭಕ್ತಿಯೇ ಎಂದು ಮಕ್ಕಳಿಗೆ ಹೇಳಲು ನನಗೆ ಬೇರೆ ಪಾಠ ಬೇಕಾಗಲಿಲ್ಲ. ತಾಯಂದಿರೇ, ಮಕ್ಕಳ ಪ್ರಶ್ನೆಗೆ ಗದರಬೇಡಿ. ಕೈಗೊಂದು ಕೆಲಸ ಕೊಡಿ.