ನಿಧಾನಕ್ಕೆ ನಡೆಯುವವಳು ಮುಂದೆ ಇರಲಿ

ದಾವಣಗೆರೆಯ ಹಾಸ್ಟೆಲಿನಲ್ಲಿ ನಮ್ಮ ರೂಮಿನ ನಾಲ್ವರಿಗೂ ಹೆಸರಿರಲಿಲ್ಲ, ಊರಿತ್ತು. ‘ಏ ಚನ್ನಗಿರಿ, ಬಕೆಟ್ ಎಲ್ಲಿಟ್ಟೆ?’, ‘ಜಗಳೂರು, ನಿಮ್ಮಮ್ಮ ಫೋನ್ ಮಾಡಿದ್ರು ಕಣೇ.’ ನಾನು ಹೊನ್ನಾಳಿ. ನ್ಯಾಮತಿಯವಳನ್ನು ಆಗ ‘ಚಿಕ್ಕ ಹೊನ್ನಾಳಿ’ ಅಂತಿದ್ವಿ. ಅವರೂರು ಬೇರೆ ತಾಲ್ಲೂಕಾದ ಮೇಲೆ ಹಾಗಂದರೆ ಸಿಟ್ಟಾಗುತ್ತಾಳೆ. ಈಗ ನಾಲ್ವರೂ ಬೆಂಗಳೂರಿನಲ್ಲಿ ನಾಲ್ಕು ಕಡೆ ಕೆಲಸ ಮಾಡುತ್ತೇವೆ. ವಾಟ್ಸಾಪ್ ಗ್ರೂಪಿನ ಹೆಸರು ಮಾತ್ರ ಇನ್ನೂ ರೂಮ್ ನಂಬರೇ.

ಎರಡು ವರ್ಷದ ಹಿಂದೆ ಆ ಗ್ರೂಪಿನಿಂದ ಜಗಳೂರು ಹೊರಗೆ ಹೋದಳು. ಕಾರಣ ನಾನು.

ಕುಮಾರ ಪರ್ವತಕ್ಕೆ ಹೋಗಿದ್ದೆವು. ಯಾರಿಗೂ ಬೆಟ್ಟ ಹತ್ತಿ ಅಭ್ಯಾಸವಿರಲಿಲ್ಲ. ರೀಲ್ಸ್ ನೋಡಿ ಹೊರಟವರು. ಕುಕ್ಕೆ ಕಡೆಯಿಂದ ಹತ್ತುವ ಮೊದಲ ಕಾಡಿನಲ್ಲೇ ಜಗಳೂರಿಗೆ ಏದುಸಿರು ಬಂತು. ಗಿರಿಗದ್ದೆ ತಲುಪುವಷ್ಟರಲ್ಲಿ ಅವಳ ಮುಖ ಬಿಳಿಚಿಕೊಂಡಿತ್ತು. ‘ನೀನು ಇಲ್ಲೇ ಕೂತಿರು, ನಾವು ಹೋಗಿ ಬಂದುಬಿಡ್ತೀವಿ’ ಅಂದೆ. ಅವಳು ತಲೆ ಆಡಿಸಿದಳು. ನಾವು ತುದಿ ಮುಟ್ಟಿ, ಫೋಟೊ ತೆಗೆದು ವಾಪಸ್ ಬರುವಾಗ ಏಳು ಗಂಟೆ ಕಳೆದಿತ್ತು. ಗೊತ್ತಿಲ್ಲದ ಜಾಗ, ಫೋನಿಗೆ ಸಿಗ್ನಲ್ ಇಲ್ಲ, ಒಬ್ಬಳೇ. ಅವಳು ಜಗಳವಾಡಲಿಲ್ಲ. ಬೆಂಗಳೂರಿಗೆ ಬಂದ ರಾತ್ರಿ ಗ್ರೂಪ್ ಬಿಟ್ಟಳು, ಅಷ್ಟೆ.

ಎಂಟು ತಿಂಗಳಾದ ಮೇಲೆ ನಾನೇ ಅವಳ ಊರಿಗೆ ಹೋದೆ. ಅವಳ ಅಮ್ಮ ಮೆಣಸಿನಕಾಯಿ ಮಂಡಕ್ಕಿ ಕೊಟ್ಟು ಎದುರಿಗೆ ಕೂತರು. ಅವರು ಪ್ರತಿ ವರ್ಷ ತೇರಿಗೆ ಕೊಟ್ಟೂರಿಗೆ ನಡೆದೇ ಹೋಗುವವರು. ‘ನಮ್ ಪಾದಯಾತ್ರೆಲಿ ನಿಧಾನಕ್ಕೆ ನಡೆಯೋರನ್ನ ಮುಂದೆ ಹಾಕ್ತೀವಮ್ಮಾ. ಅವರು ಹಿಂದೆ ಇದ್ರೆ ಓಡಿ ಓಡಿ ಸುಸ್ತಾಗ್ತಾರೆ. ಮುಂದೆ ಇದ್ರೆ ಎಲ್ಲಾರೂ ಊರು ಮುಟ್ತಾರೆ’ ಅಂದರು. ಬೈದರೋ ಸುಮ್ಮನೆ ಹೇಳಿದರೋ ತಿಳಿಯಲಿಲ್ಲ. ನಾನು ಮಗಳ ಕಡೆ ತಿರುಗಿ ‘ಇನ್ನೊಂದ್ಸಲ ಹೋಗೋಣ್ವಾ?’ ಅಂತ ಕೇಳಿದೆ. ಅವಳು ಬಹಳ ಹೊತ್ತಾದ ಮೇಲೆ ‘ಹೋಗೋಣ. ಆದ್ರೆ ಪ್ಲಾನ್ ನಾನ್ ಮಾಡ್ತೀನಿ’ ಅಂದಳು.

ಈ ಲೇಖನದಲ್ಲಿ ಬುದ್ಧಿವಂತಿಕೆ ಅನ್ನುವುದು ಏನಾದರೂ ಇದ್ದರೆ ಅದು ಅವಳದು.

ನಮ್ಮ ಆಸೆ ದೊಡ್ಡದಿತ್ತು. ಬೆನ್ನಿಗೆ ಟೆಂಟು ಕಟ್ಟಿಕೊಂಡು ಮೂರು ದಿನ ಬೆಟ್ಟ ಸುತ್ತಿ, ಹೊರಟ ಜಾಗಕ್ಕೇ ಬರಬೇಕು. ಜಗಳೂರು ಮೊದಲ ದಿನವೇ ಟೆಂಟನ್ನು ಹೊಡೆದುಹಾಕಿದಳು. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ತಂಗುವಂತಿಲ್ಲ. ಬೆಳಿಗ್ಗೆ ಒಳಗೆ ಹೋದವರು ಸಂಜೆಯೊಳಗೆ ಹೊರಗೆ ಬರಬೇಕು. ಅರಣ್ಯ ಇಲಾಖೆಯ ವೆಬ್‌ಸೈಟಿನಲ್ಲಿ ಮೊದಲೇ ಟಿಕೆಟ್ ತೆಗೆಯಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಹಾಗಾಗಿ ನಮ್ಮ ಕಡೆ ಹೊಸಬರ ಸುತ್ತು ಅಂದರೆ ಹಗಲು ಬೆಟ್ಟ, ರಾತ್ರಿ ಹೋಮ್‌ಸ್ಟೇ. ಇದರಿಂದ ನಷ್ಟವೇನೂ ಆಗಲಿಲ್ಲ. ಟೆಂಟು, ಸ್ಟವ್, ಪಾತ್ರೆ ಹೋಗಿ ಬ್ಯಾಗಿನ ಭಾರ ಅರ್ಧಕ್ಕಿಳಿಯಿತು.

ಆಮೇಲೆ ಅವಳು ಒಂದು ಶೀಟ್ ಹಂಚಿದಳು. ಮೊದಲ ಕಾಲಮಿನಲ್ಲಿ ಬೆಟ್ಟದ ಹೆಸರು ಇರುತ್ತದೆ ಅಂದುಕೊಂಡಿದ್ದೆ. ಇದ್ದದ್ದು ‘ಯಾರಿಗೆ ಏನು ತೊಂದರೆ?’ ಚನ್ನಗಿರಿ ‘ದೂಳಿಗೆ ಉಬ್ಬಸ, ಇನ್ಹೇಲರ್ ಬೇಕು’ ಅಂತ ಬರೆದಳು. ನ್ಯಾಮತಿ ಮುಟ್ಟಿನ ದಿನಾಂಕ ಬರೆದಳು. ಜಗಳೂರು ‘ಏರಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ನಿಲ್ಲಬೇಕು’ ಅಂತ ಬರೆದಳು. ನನಗೆ ಇಳಿಜಾರಿನಲ್ಲಿ ಎಡ ಮಂಡಿ ನೋಯುತ್ತದೆ. ನಾನು ‘ಏನಿಲ್ಲ’ ಅಂತ ಬರೆದೆ.

ಎರಡನೆಯ ಕಾಲಮ್ ಸಮಯದ್ದು. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಒಂದು ಸರಳ ಲೆಕ್ಕ ಹೇಳಿದ್ದ. 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ನಡೆದು ಪಳಗಿದವರ ಲೆಕ್ಕ, ವಿಶ್ರಾಂತಿ ಇದರಲ್ಲಿ ಸೇರಿಲ್ಲ. ಕುಮಾರ ಪರ್ವತ ಕುಕ್ಕೆಯಿಂದ ಒಂದು ಕಡೆಗೆ ಸುಮಾರು 13 ಕಿ.ಮೀ., ಏರು ಸುಮಾರು 1,600 ಮೀಟರ್. ಹತ್ತುವುದಕ್ಕೇ ಐದು ಗಂಟೆಯ ಮೇಲಾಯಿತು. ಈ ಲೆಕ್ಕ ಮೊದಲೇ ಹಾಕಿದ್ದರೆ ಜಗಳೂರನ್ನು ಮಾತ್ರ ಅಲ್ಲ, ನಮ್ಮನ್ನೂ ಅಲ್ಲಿಗೆ ಕರೆದೊಯ್ಯುತ್ತಿರಲಿಲ್ಲ.

ಕುದುರೆಮುಖ ಶಿಖರಕ್ಕೆ ಸಂಸೆ ಹತ್ತಿರದ ಮುಳ್ಳೋಡಿಯಿಂದ ಒಂದು ಕಡೆಗೆ ಸುಮಾರು 10 ಕಿ.ಮೀ., ಏರು ಸುಮಾರು 900 ಮೀಟರ್. ನೈಸ್ಮಿತ್ ಪ್ರಕಾರ ಮೂರೂವರೆ ಗಂಟೆ. ಜಗಳೂರು ಅದನ್ನು ಒಂದೂವರೆಯಿಂದ ಗುಣಿಸಿ ಐದೂಕಾಲು ಮಾಡಿದಳು. ಬೆಳಿಗ್ಗೆ ಏಳಕ್ಕೆ ಹೊರಟರೆ ಹನ್ನೆರಡೂಕಾಲು. ‘ಹನ್ನೆರಡೂವರೆಗೆ ಎಲ್ಲಿದ್ರೂ ಅಲ್ಲಿಂದ ವಾಪಸ್. ತುದಿ ಕಾಣ್ತಿದ್ರೂ ವಾಪಸ್’ ಅಂತ ದಪ್ಪ ಅಕ್ಷರದಲ್ಲಿ ಹಾಕಿದಳು.

ಅಭ್ಯಾಸಕ್ಕೆ ನಾಲ್ಕು ವಾರಾಂತ್ಯ, ನಾಲ್ಕು ಊರು. ರಾತ್ರಿ ಬಸ್ಸು ಹತ್ತಿ ಹೋಗುವುದು, ಒಬ್ಬರ ಮನೆಯಲ್ಲಿ ಉಳಿಯುವುದು, ಬ್ಯಾಗ್ ಹೊತ್ತು ನಡೆಯುವುದು. ಮೊದಲು ಚನ್ನಗಿರಿ. ಬ್ಯಾಗಿಗೆ ಮೂರು ಕೆ.ಜಿ. ಅಕ್ಕಿ ತುಂಬಿಕೊಂಡು ಕೋಟೆ ಬೆಟ್ಟದ ರಂಗನಾಥಸ್ವಾಮಿ ಗುಡಿಗೆ ಮೂರು ಸಲ ಹತ್ತಿ ಇಳಿದೆವು. ಮರುದಿನ ಸೂಳೆಕೆರೆ ಏರಿಯ ಮೇಲೆ ನಡಿಗೆ. ಹೊಸ ಶೂ ಹಾಕಿದ್ದ ನ್ಯಾಮತಿಗೆ ಎರಡೂ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದವು. ಅದು ಬೆಟ್ಟದಲ್ಲಿ ಆಗುವ ಬದಲು ಕೆರೆ ಏರಿಯ ಮೇಲಾಗಿದ್ದು ಒಳ್ಳೆಯದೇ ಆಯಿತು. ಪಾದಕ್ಕೆ ಕೊಬ್ಬರಿ ಎಣ್ಣೆ, ಎರಡು ಜೊತೆ ಕಾಲುಚೀಲ, ಒಂದು ತಿಂಗಳಾದರೂ ಹಾಕಿ ಸವೆಸಿದ ಶೂ: ಇದು ಜಗಳೂರಿನ ಅಮ್ಮ ಕಳಿಸಿದ ಸಲಹೆ.

ಹೊನ್ನಾಳಿಯಲ್ಲಿ ಐದು ಕೆ.ಜಿ. ತುಂಗಭದ್ರೆಯ ಬದಿಯ ಸಮತಟ್ಟು ದಾರಿಯಲ್ಲಿ ದಿನಕ್ಕೆ 15 ಕಿ.ಮೀ. ನಮ್ಮಮ್ಮ ಬಾಗಿಲಲ್ಲಿ ನಿಂತು, ‘ಗದ್ದೆಗೆ ಒಂದ್ ಬುಟ್ಟಿ ಹೊರು ಅಂದ್ರೆ ಆಗಲ್ಲ, ಸಂಬಳ ಖರ್ಚು ಮಾಡಿ ಮೂಟೆ ಹೊರ್ತೀರಲ್ಲೇ’ ಅಂತ ನಕ್ಕರು. ನ್ಯಾಮತಿ ಸರದಿಗೆ ಬೆಳಗುತ್ತಿ ಹತ್ತಿರದ ತೀರ್ಥರಾಮೇಶ್ವರಕ್ಕೆ ಹತ್ತಿದೆವು. ವರ್ಷವಿಡೀ ನೀರು ಬರುವ ಜಾಗ. ಅಲ್ಲಿ ಬ್ಯಾಗ್ ಕಟ್ಟುವುದನ್ನು ಕಲಿತೆವು. ಭಾರದ ಸಾಮಾನು ಬೆನ್ನಿಗೆ ಅಂಟಿದ ಹಾಗೆ ಮಧ್ಯದಲ್ಲಿರಬೇಕು, ಸೊಂಟದ ಪಟ್ಟಿ ಬಿಗಿ ಇರಬೇಕು, ಭುಜ ಹಗುರಾಗಬೇಕು. ಒಟ್ಟು ಭಾರ ನಮ್ಮ ತೂಕದ ಐದನೇ ಒಂದು ಭಾಗ ದಾಟಬಾರದು, ಹೊಸಬರಿಗೆ ಅದಕ್ಕಿಂತ ಕಡಿಮೆಯೇ ಇರಲಿ. 55 ಕೆ.ಜಿ. ತೂಗುವ ನನಗೆ ಎಂಟು ಕೆ.ಜಿ. ಸಾಕು.

ಕೊನೆಗೆ ಜಗಳೂರು. ಕೊಂಡುಕುರಿಗಳಿಗಾಗಿ 2011ರಲ್ಲಿ ವನ್ಯಧಾಮವಾದ ರಂಗಯ್ಯನದುರ್ಗದ ಕಾಡು ಆ ತಾಲ್ಲೂಕಿನಲ್ಲಿದೆ. ನಾವು ಕಾಡಿನೊಳಗೆ ಹೋಗಲಿಲ್ಲ, ಹಳ್ಳಿ ರಸ್ತೆಯಲ್ಲೇ ನಡೆದೆವು. ಅಕ್ಟೋಬರ್ ಬಿಸಿಲಿಗೆ ಹನ್ನೊಂದರ ಹೊತ್ತಿಗೆ ನನ್ನ ಒಂದು ಲೀಟರ್ ಬಾಟಲಿ ಖಾಲಿ. ಜಗಳೂರು ತನ್ನ ಬ್ಯಾಗಿನಿಂದ ಎರಡನೆಯದನ್ನು ತೆಗೆದುಕೊಟ್ಟಳು. ಗಂಟೆಗೆ ಅರ್ಧ ಲೀಟರ್ ಅಂತ ಲೆಕ್ಕ ಹಾಕಿ, ಬಾಯಾರುವ ಮೊದಲೇ ಗುಟುಕು ಗುಟುಕು ಕುಡಿಯಬೇಕು ಅನ್ನುವುದು ಅಲ್ಲಿ ಗೊತ್ತಾಯಿತು. ಆ ದಿನ ಮುಂದೆ ನಡೆದವಳು ಅವಳೇ. ಹತ್ತು ನಿಮಿಷಕ್ಕೊಮ್ಮೆ ನಿಂತಳು, ಆದರೆ ಸಂಜೆತನಕ ಒಂದೇ ವೇಗದಲ್ಲಿದ್ದಳು. ನಾನು ಮಾತ್ರ ಮಂಡಿ ಒತ್ತಿಕೊಳ್ಳುತ್ತಿದ್ದೆ, ಯಾರೂ ನೋಡದಾಗ.

ನವೆಂಬರಿನಲ್ಲಿ ಹೊರಟೆವು. ಮೊದಲ ದಿನ ಕಳಸದಲ್ಲಿ ಇಳಿದು ಪೂರ್ತಿ ಭಾರ ಹೊತ್ತು ಹೊರನಾಡಿಗೆ ಎಂಟು ಕಿ.ಮೀ. ನಡೆದೆವು. ಅನ್ನಪೂರ್ಣೇಶ್ವರಿಯ ಊಟ ಮಾಡಿ, ಸಂಜೆ ವಾಹನದಲ್ಲಿ ಸಂಸೆಗೆ. ಎರಡನೆಯ ದಿನ ಕುದುರೆಮುಖ. ಮೂರನೆಯ ದಿನಕ್ಕೆ ನೇತ್ರಾವತಿ ಶಿಖರದ ಎದುರು ಜಗಳೂರು ‘ಬೇಡವಾದರೆ ಬೇಡ’ ಅಂತ ಬರೆದಿದ್ದಳು. ಅಲ್ಲಿಂದ ಮತ್ತೆ ಕಳಸಕ್ಕೆ ಬಂದರೆ ಸುತ್ತು ಪೂರ್ತಿ.

ಎರಡನೆಯ ದಿನ ದೊಡ್ಡ ಬ್ಯಾಗುಗಳನ್ನು ಹೋಮ್‌ಸ್ಟೇನಲ್ಲಿಟ್ಟು ನೀರು, ಚಿತ್ರಾನ್ನ, ಮಳೆಕೋಟು, ಟಾರ್ಚು, ಔಷಧಿ ಮಾತ್ರ ಒಯ್ದೆವು. ಇಂಬಳಕ್ಕೆ ಉಪ್ಪಿನ ಪೊಟ್ಟಣವೂ ಇತ್ತು. ಹಳ್ಳಗಳನ್ನು ದಾಟಿ ಒಂಟಿಮರದ ಹತ್ತಿರ ಬರುವಾಗ ಎಲ್ಲ ಸರಿಯಾಗಿತ್ತು. ಅದಾದ ಮೇಲೆ ಹುಲ್ಲುಗುಡ್ಡದ ಒಂದು ಸಣ್ಣ ಇಳಿಜಾರಿನಲ್ಲಿ ಮಂಡಿ ಕೈಕೊಟ್ಟಿತು. ಹೆಜ್ಜೆ ಊರಲು ಆಗಲಿಲ್ಲ.

‘ಯಾವಾಗಿಂದ?’ ಅಂತ ಜಗಳೂರು ಕೇಳಿದಳು.

‘ಮೊದಲಿಂದಾನೂ.’

‘ಶೀಟಲ್ಲಿ ಏನಿಲ್ಲ ಅಂತ ಬರ್ದಿದ್ಯಲ್ಲೇ.’

ನಾನು ಮಾತಾಡಲಿಲ್ಲ. ಆಮೇಲೆ ‘ನೀವು ಹೋಗಿ ಬನ್ನಿ, ನಾನ್ ಇಲ್ಲೇ ಕೂತಿರ್ತೀನಿ’ ಅಂದೆ. ಹೇಳಿದ ಮೇಲೆ ಆ ಮಾತು ಮೊದಲು ಯಾರ ಬಾಯಿಂದ ಬಂದಿತ್ತು ಅನ್ನುವುದು ನೆನಪಾಯಿತು. ಅವಳಿಗೂ ಆಗಿರಬೇಕು. ಅವಳು ಬ್ಯಾಗ್ ಇಳಿಸಿ ನನ್ನ ಪಕ್ಕ ಕೂತಳು. ಮಂಡಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿದಳು. ಚನ್ನಗಿರಿ, ನ್ಯಾಮತಿ ಚಿತ್ರಾನ್ನದ ಡಬ್ಬಿ ತೆಗೆದರು. ಗೈಡ್ ಅಣ್ಣ ನನಗೊಂದು ಕೋಲು ಮುರಿದುಕೊಟ್ಟರು. ಗಂಟೆ ಹನ್ನೊಂದೂವರೆ. ಇನ್ನೂ ಒಂದು ಗಂಟೆ ಇತ್ತು, ಮೂವರೂ ಹೋಗಬಹುದಿತ್ತು. ಯಾರೂ ಏಳಲಿಲ್ಲ.

ಇಳಿಯುವಾಗ ನನ್ನನ್ನು ಮುಂದೆ ಬಿಟ್ಟರು. ನನ್ನ ಹೆಜ್ಜೆಗೆ ಉಳಿದವರ ಹೆಜ್ಜೆ. ಹತ್ತುವುದಕ್ಕಿಂತ ಇಳಿಯುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು, ಆದರೂ ಬೆಳಕಿರುವಾಗಲೇ ಮುಳ್ಳೋಡಿ ತಲುಪಿದೆವು. ಮೂರನೆಯ ದಿನ ನೇತ್ರಾವತಿ ಬೇಡವಾಗಿ, ಕಳಸದಲ್ಲಿ ಭದ್ರೆಯ ದಡದಲ್ಲಿ ಕಾಲು ಇಳಿಬಿಟ್ಟು ಕೂತೆವು.

ಬೆಂಗಳೂರಿಗೆ ಬಂದ ಮೇಲೆ ಮೂಳೆ ಡಾಕ್ಟರಿಗೆ ತೋರಿಸಿದೆ. ತೊಡೆಯ ಸ್ನಾಯುಗಳು ಗಟ್ಟಿಯಾಗಲು ದಿನಾ ಮಾಡುವ ವ್ಯಾಯಾಮ ಬರೆದುಕೊಟ್ಟಿದ್ದಾರೆ. ನೀವೂ ಮೊದಲ ಸಲ ಹೊರಡುವವರಾದರೆ ಬೆಟ್ಟ ಆರಿಸುವ ಮೊದಲು ಜಗಳೂರಿನ ಆ ಮೊದಲ ಕಾಲಮ್ ತುಂಬಿ. ನಿಜ ಬರೆಯಿರಿ. ಮುಂದಿನ ನವೆಂಬರಿನ ಶೀಟ್ ಅವಳು ನಿನ್ನೆ ಹಂಚಿದ್ದಾಳೆ. ನಾನು ನನ್ನ ಸಾಲಿನಲ್ಲಿ ‘ಎಡ ಮಂಡಿ, ಇಳಿಜಾರಿನಲ್ಲಿ ಕೋಲು ಬೇಕು’ ಅಂತ ಬರೆದೆ. ಅವಳು ಪಕ್ಕದಲ್ಲಿ ಬರೆದಿದ್ದಾಳೆ: ‘ಹೊನ್ನಾಳಿ ಮುಂದೆ.’