ನಮ್ಮ ಒಲೆಯ ವರ್ಗಾವಣೆ

ಮನೆ ಬಿಡುವುದಕ್ಕೆ ಕೆಲವೇ ವಾರ ಮೊದಲು ಗ್ಯಾಸಿನ ಏಜೆನ್ಸಿಯನ್ನು ಬದಲಾಯಿಸಿದವರು ವಾಸ್ಕೋ ಪಟ್ಟಣದಲ್ಲಿ ನಾವಲ್ಲದೆ ಬೇರೊಬ್ಬರು ಇರಲಾರರು. ನಮ್ಮ ಮಿತ್ರರಾದ ಉಪಾಧ್ಯಾಯರೊಬ್ಬರು ಈ ಸುದ್ದಿ ಕೇಳಿ ಬಿದ್ದು ಬಿದ್ದು ನಕ್ಕರು, ನಾವೂ ನಕ್ಕೆವು. ಆದರೆ ಸಂಗತಿಯನ್ನು ಮೊದಲಿನಿಂದ ಹೇಳದೆ ಹೋದರೆ ನಮ್ಮ ತಲೆ ಅಷ್ಟೇನೂ ಕೆಟ್ಟಿರಲಿಲ್ಲವೆಂಬುದು ವಾಚಕರಿಗೆ ತಿಳಿಯುವಂತಿಲ್ಲ. ಅದಕ್ಕಾಗಿ ಧಾರವಾಡದಿಂದ ಸಂಘದ ಪತ್ರಿಕೆಗೆ ಈ ನಾಲ್ಕು ಮಾತು.

ವಿದ್ಯುತ್ತಿನ ವಿಷಯದಲ್ಲಿ ಗೋವೆಯ ಗೃಹಸ್ಥನಿಗೆ ಆರಿಸಿಕೊಳ್ಳುವ ಗೋಜೇ ಇಲ್ಲ. ಕೊಡುವುದು ಸರಕಾರದ ವಿದ್ಯುತ್ ಇಲಾಖೆಯೊಂದೇ. ಮುಂಬಯಿಯ ಉಪನಗರಗಳಲ್ಲಿ ಹಾಗಲ್ಲ. 2008ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ತರುವಾಯ, 2009ರಿಂದ, ಹಳೆಯ ಕಂಪನಿಯ ತಂತಿಯಲ್ಲಿಯೇ ಹೊಸ ಕಂಪನಿಯ ವಿದ್ಯುತ್ತನ್ನು ತರಿಸಿಕೊಳ್ಳುವ ಅನುಕೂಲ ಅಲ್ಲಿಯವರಿಗೆ ದೊರೆಯಿತು. ನಮ್ಮ ಮನೆಯ ಮೀಟರಂತೂ ಮನೆಯ ಯಜಮಾನರ ಹೆಸರಿನಲ್ಲಿತ್ತು. ಬಾಡಿಗೆದಾರನು ತನ್ನದೆಂದು ಹೇಳಿಕೊಳ್ಳಬಹುದಾದ ಉರುವಲು ಗ್ಯಾಸು ಮಾತ್ರ.

ನಮ್ಮ ತಂದೆಯವರು 1972ರಲ್ಲಿ ಮುರಗಾಂವ ಬಂದರಿನ ಕೆಲಸಕ್ಕೆಂದು ಬಂದವರು. ಮೊದಲು ತೆಂಗಿನ ಸೋಗೆ, ಕರಟಗಳ ಒಲೆ. ಆಮೇಲೆ ಸೀಮೆಎಣ್ಣೆಯ ಸ್ಟವ್ವು. ಹೆಸರು ಬರೆಯಿಸಿ ವರ್ಷಗಟ್ಟಲೆ ಕಾದ ಮೇಲೆ 1988ರಲ್ಲಿ ಗ್ಯಾಸು. ಅದರೊಡನೆ ಬಂದ ಪುಸ್ತಕವನ್ನು ಅವರು ದೇವರ ಗೂಡಿನಲ್ಲಿ ಇರಿಸಿದ್ದರು. ಗೋವೆಯಲ್ಲಿ ನಮ್ಮ ಮನೆತನದ ಹೆಸರನ್ನೂ ವಿಳಾಸವನ್ನೂ ಒಟ್ಟಿಗೆ ಬರೆದಿದ್ದ ಮೊದಲ ಕಾಗದ ಅದು. ರೇಷನ್ ಕಾರ್ಡಿಗಾಗಲಿ ಶಾಲೆಯ ದಾಖಲೆಗಾಗಲಿ ಅದನ್ನೇ ತೋರಿಸುತ್ತಿದ್ದೆವು.

ಆದರೆ ಆ ಮನೆಯಲ್ಲಿ ನಾವು ನೆಲೆ ನಿಂತವರೆಂದು ತಂದೆಯವರು ಕೊನೆಯವರೆಗೂ ಒಪ್ಪಲಿಲ್ಲ. ಗೋಡೆಗೆ ಸುಣ್ಣ ಬಳಿಯೋಣವೆಂದರೆ, ಒಂದು ಕಪಾಟು ಮಾಡಿಸೋಣವೆಂದರೆ, ಅವರದು ಒಂದೇ ಮಾತು: “ಇವತ್ತಿಲ್ಲ ನಾಳಿ ಊರಿಗೆ ಹೋಗಾವ್ರು ನಾವು, ಯಾಕ ಬೇಕು?” ಹೀಗೆ ಹೇಳುತ್ತಲೇ ನಾಲ್ವತ್ತನಾಲ್ಕು ವರ್ಷ ಕಳೆದು 2016ರಲ್ಲಿ ಅಲ್ಲಿಯೇ ತೀರಿಕೊಂಡರು.

ಗ್ಯಾಸಿನ ತೊಂದರೆ ಬಹು ಹಳೆಯದು. ನಮ್ಮ ಮನೆ ಗುಡ್ಡದ ಮೇಲೆ. ಏಜೆನ್ಸಿಯ ಗಾಡಿ ಗುಡ್ಡದ ಬುಡದಲ್ಲಿಯೇ ನಿಂತು ಹಾರ್ನು ಹಾಕುತ್ತಿತ್ತು. ಸಿಲಿಂಡರಿನಲ್ಲಿ 14.2 ಕಿಲೋ ಅನಿಲ. ಉಕ್ಕಿನ ತೂಕ ಸೇರಿದರೆ ಸುಮಾರು ಮೂವತ್ತು ಕಿಲೋ. ಮನೆ ಬಾಗಿಲಿಗೆ ತಲುಪಿಸುವ ಕೂಲಿ ಬೆಲೆಯಲ್ಲಿಯೇ ಅಡಗಿದೆಯೆಂಬುದು ನಮಗೆ ಬಹುಕಾಲ ತಿಳಿದಿರಲಿಲ್ಲ. ತಿಳಿದ ಮೇಲೂ ತಂದೆಯವರ ಆ ಒಂದು ಮಾತು ಅಡ್ಡ ಬರುತ್ತಿತ್ತು. ನಾವು ಶಾಲೆಗೆ ಹೋದ ವೇಳೆಯಲ್ಲಿ ಗಾಡಿ ಬಂದರೆ ಎಪ್ಪತ್ನಾಲ್ಕು ವರ್ಷದ ಅವ್ವ ಮೆಟ್ಟಿಲಿಳಿದು ಹೋಗಿ, ಯಾರಾದರೂ ಹುಡುಗರ ಕೈಕಾಲು ಹಿಡಿಯಬೇಕು. 2023ರ ಮಳೆಗಾಲದಲ್ಲಿ ಒಂದು ದಿನ ಆಕೆ ಆ ಮೆಟ್ಟಿಲುಗಳಲ್ಲಿಯೇ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಅಂದು ರಾತ್ರಿ ನಾವು ಏಜೆನ್ಸಿ ಬದಲಾಯಿಸುವುದೆಂದು ನಿಶ್ಚಯಿಸಿದೆವು.

ಇದಕ್ಕೆ ದಾರಿ ಇತ್ತು. ಮೊಬೈಲಿನ ನಂಬರನ್ನು ಉಳಿಸಿಕೊಂಡು ಕಂಪನಿ ಬದಲಾಯಿಸುವಂತೆಯೇ ಗ್ಯಾಸಿನ ವಿತರಕನನ್ನು ಬದಲಾಯಿಸುವ ಏರ್ಪಾಡು 2013ರಲ್ಲಿ ಕೆಲವು ಜಿಲ್ಲೆಗಳಲ್ಲಿ ಆರಂಭವಾಗಿ 2014ರ ಜನವರಿಯಲ್ಲಿ ವಿಸ್ತಾರಗೊಂಡಿತು. ಅದೇ ಕಂಪನಿಯ ಬೇರೆ ವಿತರಕನಾದರೆ ಸಿಲಿಂಡರನ್ನು ಮರಳಿಸಬೇಕಾಗಿಲ್ಲ. ಹಳೆಯ ವಿತರಕನಿಗೆ ಗಿರಾಕಿಯ ಮನವೊಲಿಸಿಕೊಳ್ಳಲು ಮೂರು ದಿನದ ಅವಕಾಶವುಂಟು. ನಮ್ಮ ಹಳೆಯ ಏಜೆನ್ಸಿಯವರೂ ಫೋನು ಮಾಡಿದರು; ಅವ್ವನೇ ಎತ್ತಿಕೊಂಡಳು. ಆಕೆಗೆ ಬರುವ ಕೊಂಕಣಿಯೆಲ್ಲ ಅಂದು ಖರ್ಚಾಯಿತು.

ಆದರೆ ಅದಕ್ಕೂ ಮುಂಚೆ ಒಂದು ಕೆಲಸವಿತ್ತು. ಸಂಪರ್ಕ ತಂದೆಯವರ ಹೆಸರಿನಲ್ಲಿಯೇ ಇತ್ತು. ಏಳು ವರ್ಷ ನಾವದನ್ನು ಮುಟ್ಟಿರಲಿಲ್ಲ. ಮರಣದ ದಾಖಲೆ, ಮಕ್ಕಳ ಒಪ್ಪಿಗೆಯ ಪತ್ರ ಕೊಟ್ಟು ಅದನ್ನು ಅವ್ವನ ಹೆಸರಿಗೆ ಮಾಡಿಸಿದೆವು. ಪಟ್ಟಿ ಕಟ್ಟಿದ ಕೈಯನ್ನು ಮೇಜಿನ ಮೇಲೆ ಊರಿ ಆಕೆ ಕನ್ನಡದಲ್ಲಿ ನಿಧಾನವಾಗಿ ರುಜು ಹಾಕಿದಳು. ಗೋವೆಗೆ ಬಂದು ಅರ್ಧ ಶತಮಾನದ ಮೇಲೆ ಆ ಮನೆಯ ಕಾಗದವೊಂದರಲ್ಲಿ ಆಕೆಯ ಹೆಸರು ಮೊದಲಾಗಿ ಬಂತು. ಹೊಸ ಏಜೆನ್ಸಿಯ ಹುಡುಗ ಮೊದಲ ಸಿಲಿಂಡರನ್ನು ಅಡಿಗೆಮನೆಯವರೆಗೂ ಹೊತ್ತು ತಂದು, ಸೋರುತ್ತಿಲ್ಲವಷ್ಟೆ ಎಂದು ಪರೀಕ್ಷಿಸಿ ಹೋದ. ಅವ್ವ ಅವನಿಗೆ ಮಜ್ಜಿಗೆ ಕೊಟ್ಟಳು. ಆ ವಾರವೇ, ಗೋಡೆಗೆ ಸುಣ್ಣ ಹೊಡೆಸಬೇಕೆಂದೂ ಹೇಳಿದಳು.

ಸುಣ್ಣ ಬರಲಿಲ್ಲ, ಯಜಮಾನರ ಮಗನ ಪತ್ರ ಬಂತು. ಪರದೇಶದಲ್ಲಿ ನೆಲಸಿದ ಮಕ್ಕಳು ಮನೆಯನ್ನು ಮಾರಲು ನಿಶ್ಚಯಿಸಿದ್ದರು. ಅವರ ತಪ್ಪೇನೂ ಇಲ್ಲ. ಧಾರವಾಡದ ಹಳೆಯ ಮನೆ ಖಾಲಿ ಬಿದ್ದಿತ್ತು. ನಮ್ಮ ನಿವೃತ್ತಿಗೂ ತಿಂಗಳು ಉಳಿದಿರಲಿಲ್ಲ. ತಂದೆಯವರ “ನಾಳಿ” ಹೀಗೆ ಬಂತು.

ರೈಲಿನಲ್ಲಿ ಗ್ಯಾಸು ಒಯ್ಯುವುದು ನಿಷಿದ್ಧ. ಸಿಲಿಂಡರೂ ರೆಗ್ಯುಲೇಟರೂ ಕಂಪನಿಯ ಸ್ವತ್ತು. ಒಲೆ ಮಾತ್ರ ನಮ್ಮದು. ಅವೆರಡನ್ನೂ ಮರಳಿಸಿದಾಗ, 1988ರಲ್ಲಿ ತಂದೆಯವರು ಇಟ್ಟ ಕೆಲವು ನೂರು ರೂಪಾಯಿ ಠೇವಣಿ ಕೈಗೆ ಬಂತು. ಜೊತೆಗೆ ವರ್ಗಾವಣೆಯ ಚೀಟಿ. ಅವರ ರುಜುವಿದ್ದ ಮೂಲ ಕಾಗದವನ್ನು ಅಲ್ಲಿಯೇ ಒಪ್ಪಿಸಬೇಕಾಯಿತು. ಕೊಡುವ ಮುಂಚೆ ಅವ್ವ ಅದರದೊಂದು ಝೆರಾಕ್ಸ್ ಮಾಡಿಸಿಕೊಂಡಳು. ಧಾರವಾಡದಲ್ಲಿ ಹೊಸ ಠೇವಣಿ ಸಿಲಿಂಡರಿಗೆ 2200, ರೆಗ್ಯುಲೇಟರಿಗೆ 250. 2022ರ ಜೂನಿನಲ್ಲಿ ಏರಿಸಿದ ದರ ಅದು.

ಕ್ಯಾಸಲ್‌ರಾಕ್ ದಾಟುವವರೆಗೂ ಅವ್ವ ಮಾತಾಡಲಿಲ್ಲ. ತಂದೆಯವರ ನೆನಪೆಂದು ನಾವೂ ಸುಮ್ಮನಿದ್ದೆವು. ಗಾಡಿ ಲೋಂಡಾದಲ್ಲಿ ನಿಂತಾಗ ಚಹ ಕುಡಿಯುತ್ತ ಕೇಳಿದಳು:

“ಆ ಸಿಲಿಂಡರಿನ್ಯಾಗ ಇನ್ನೂ ಹದಿನೈದು ದಿನದ ಗ್ಯಾಸ್ ಇತ್ತು. ಆ ಹುಡುಗಗ ಹೇಳಿದಿ ಇಲ್ಲೋ?”