ಹೆಬ್ಬೆರಳಿನ ಕೇಸು

ನಾವು ಮೂರು ಜನ ಕಸಿನ್ಸ್. ಮೂವರೂ ಇಂಜಿನಿಯರಿಂಗು, ಮೂವರಿಗೂ ಅಜ್ಜಿ ಮನೆ ಅರಸೀಕೆರೆ. ನಮ್ಮಲ್ಲೊಬ್ಬ ಎಂಟು ವರ್ಷ ಆಗೋವರೆಗೂ ಹೆಬ್ಬೆರಳು ಚೀಪಿದವನು. ಯಾರು ಅಂತ ಹೇಳಲ್ಲ, ಕ್ಲಬ್ಬಿನವರು ಹೇಗೂ ಊಹಿಸ್ತೀರಿ. ಅಂಥವನನ್ನು ಕಂಡುಹಿಡಿಯೋಕೆ ಒಂದು ಚೂರು ಕೊಬ್ಬರಿ ಕೊಟ್ಟರೆ ಸಾಕು. ಮಿಕ್ಕವರು ಮುಂದಿನ ಹಲ್ಲಲ್ಲಿ ಕಚ್ಚಿದರೆ ಅವನು ಅದನ್ನು ದವಡೆಗೆ ತಳ್ಳುತ್ತಾನೆ. ಯಾಕಂದ್ರೆ ದವಡೆ ಹಲ್ಲು ಕೂಡಿಸಿದರೂ ಮುಂದಿನ ಮೇಲಿನ ಹಲ್ಲು, ಕೆಳಗಿನ ಹಲ್ಲು ಒಂದಕ್ಕೊಂದು ತಾಗಲ್ಲ. ಆ ಸಂದಿಯಲ್ಲಿ ನಾಲಿಗೆ ಇಣುಕಿ 'ಅರಸೀಕೆರೆ' ಅನ್ನೋದು 'ಅರಥೀಕೆರೆ' ಆಗ್ತಿತ್ತು. ತೆಂಗಿನ ಸೀಮೆಯಲ್ಲಿ ಬೆಳೆದು ಕೊಬ್ಬರಿ ಕಚ್ಚೋಕೆ ಬರಲ್ಲ, ಸ್ವಂತ ಊರಿನ ಹೆಸರು ಹೇಳೋಕೆ ಬರಲ್ಲ! ಹೈಸ್ಕೂಲಲ್ಲಿ ಎರಡು ವರ್ಷ ಹಲ್ಲಿಗೆ ತಂತಿ ಹಾಕಿಸಿಕೊಂಡ ಮೇಲೆ ಸರಿಹೋಯ್ತು. ಅದಕ್ಕೆ ಎಷ್ಟು ಕ್ವಿಂಟಾಲ್ ಕೊಬ್ಬರಿ ದುಡ್ಡು ಹೋಯ್ತು ಅಂತ ಅಜ್ಜಿ ಈಗಲೂ ಲೆಕ್ಕ ಹೇಳ್ತಾರೆ.

ಹಾಗಾಗಿ ಈ ಸಲ ಸೆಮ್ ರಜೆಯಲ್ಲಿ ಅಕ್ಕನ ಮಗಳು ಪುಟ್ಟಿ, ಐದೂವರೆ ವರ್ಷ, ಬಾಯಲ್ಲಿ ಹೆಬ್ಬೆರಳಿಟ್ಟುಕೊಂಡೇ ಕಾರಿಂದ ಇಳಿದಾಗ ಕೇಸು ನಾವೇ ಕೈಗೆ ತಗೊಂಡ್ವಿ.

ಅಜ್ಜಿ ಬೇವಿನ ಎಣ್ಣೆ ಹಚ್ಚಿದರು. ಪುಟ್ಟಿ ಎಡಗೈ ಹೆಬ್ಬೆರಳಿಗೆ ಶಿಫ್ಟ್ ಆದಳು. ಹಾಗಲಕಾಯಿ ರಸವನ್ನು ಲಂಗಕ್ಕೆ ಒರೆಸಿಕೊಂಡಳು. "ಬೆರಳು ಸವೆದು ಹೋಗುತ್ತೆ ನೋಡು" ಅಂತ ನಾವು ಹೆದರಿಸಿದ್ದಕ್ಕೆ ಹೊದಿಕೆಯೊಳಗೆ ಮುಖ ಮುಚ್ಚಿಕೊಂಡು ಚೀಪೋಕೆ ಶುರು ಮಾಡಿದಳು. ಮುಂದಿನದನ್ನು ಬರೆಯೋಕೆ ನಾಚಿಕೆ. ಒಂದು ರಾತ್ರಿ ಅವಳು ಮಲಗಿದ ಮೇಲೆ ಬೆರಳಿಗೆ ಖಾರದ ಪುಡಿ ಹಚ್ಚಿದ್ವಿ. ನಿದ್ದೆಗಣ್ಣಲ್ಲಿ ಅವಳು ಕಣ್ಣು ಉಜ್ಜಿಕೊಂಡಳು. ಮನೆಯೆಲ್ಲ ಎದ್ದಿತು. ಕಣ್ಣು ತೊಳೆದು ಎತ್ತಿಕೊಂಡು ಓಡಾಡಿದರೂ ಅಳು ನಿಲ್ಲಲಿಲ್ಲ. ಕಡೆಗೆ ಬಿಕ್ಕಳಿಸುತ್ತಲೇ ಅವಳು ಸಮಾಧಾನಕ್ಕೆ ಬಾಯಿಗಿಟ್ಟುಕೊಂಡಿದ್ದು ಅದೇ, ತೊಳೆದ ಹೆಬ್ಬೆರಳನ್ನ.

ಮಾರನೇ ದಿನ ಅಕ್ಕನ ಜೊತೆ ಡೆಂಟಿಸ್ಟ್ ಹತ್ತಿರ ಹೋದ್ವಿ. ಮಗು ಹೊಟ್ಟೆಯಲ್ಲಿರುವಾಗಲೇ ಬೆರಳು ಚೀಪುತ್ತೆ, ಸ್ಕ್ಯಾನಿಂಗಲ್ಲೇ ಕಾಣುತ್ತೆ ಅಂದರು. ಹೆಚ್ಚಿನ ಮಕ್ಕಳು 2ರಿಂದ 4 ವರ್ಷದೊಳಗೆ ತಾವಾಗೇ ಬಿಡ್ತಾರೆ. ಹಾಲುಹಲ್ಲು ಇರುವಾಗಲೇ ಬಿಟ್ಟರೆ ಸಂದಿ ಬಹುಮಟ್ಟಿಗೆ ತಾನೇ ಮುಚ್ಚಿಕೊಳ್ಳುತ್ತೆ. ಆರನೇ ವರ್ಷದ ಸುಮಾರಿಗೆ ಮುಂದಿನ ಶಾಶ್ವತ ಹಲ್ಲು ಬರೋಕೆ ಶುರು, ಆಮೇಲೆ ಕಷ್ಟ.

ಎಸ್‌ಒಎಂ ಕ್ಲಾಸಲ್ಲಿ ನಮಗೆ ತುಂಬಿಸಿದ್ದು ದೊಡ್ಡ ಲೋಡು, ಬಾಗುವ ಬೀಮು. ಹಲ್ಲಿನ ಲೆಕ್ಕವೇ ಬೇರೆ. ಅಲ್ಲಿ ಬಲಕ್ಕಿಂತ ಹೊತ್ತು ಮುಖ್ಯ. ಅಗಿಯುವಾಗ ಬೀಳುವ ಬಲ ಎಷ್ಟೋ ಜಾಸ್ತಿ, ಆದರೆ ಕ್ಷಣಮಾತ್ರ, ಹಲ್ಲು ಜರುಗಲ್ಲ. ಬೆರಳಿನ ಒತ್ತಡ ಕಮ್ಮಿ, ಆದರೆ ದಿನಕ್ಕೆ ಆರು ಗಂಟೆಯಷ್ಟು ಬಿದ್ದರೆ ಒತ್ತಿದ ಕಡೆ ಮೂಳೆ ಕರಗುತ್ತೆ, ಇನ್ನೊಂದು ಕಡೆ ಹೊಸದು ತುಂಬಿಕೊಳ್ಳುತ್ತೆ, ಹಲ್ಲು ಮುಂದಕ್ಕೆ ಹೋಗುತ್ತೆ. ತಂತಿ ಹಾಕಿ ಹಿಂದಕ್ಕೆ ತರೋದೂ ಇದೇ ಸೂತ್ರದಲ್ಲಿ. ಹಾಗಾದರೆ ಆಗಾಗ ಐದು ನಿಮಿಷ ಚೀಪೋದಕ್ಕಿಂತ ರಾತ್ರಿಯಿಡೀ ಬಾಯಲ್ಲಿರೋ ಬೆರಳೇ ಅಸಲಿ ಕಳ್ಳ. ಬೈಬೇಡಿ, ಯಾವಾಗ ಬಾಯಿಗೆ ಹೋಗುತ್ತೆ ಅಂತ ಗಮನಿಸಿ ಅಂದರು ಡಾಕ್ಟರು.

ಆ ಭಾನುವಾರ ಎಲ್ಲರೂ ಹಳೇಬೀಡಿಗೆ ಹೊರಟ್ವಿ. ಬಸ್ಸು ಜಾವಗಲ್ ದಾಟೋ ಹೊತ್ತಿಗೆ ಪುಟ್ಟಿಗೆ ಬೇಜಾರು, ಬೆರಳು ಬಾಯಿಗೆ. ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಸಾಲು ಆನೆಗಳದ್ದು, ಅವಳ ಎತ್ತರಕ್ಕೆ ಸರಿಯಾಗಿದೆ. ಎಣಿಸು ಅಂದ್ವಿ. ನೂರರ ಮುಂದೆ ಅವಳಿಗೆ ಬರಲ್ಲ, ಮತ್ತೆ ಒಂದರಿಂದ ಶುರು. ಗುಡಿ ಸುತ್ತಿ ಮುಗಿಯೋವರೆಗೂ ಬೆರಳು ಆನೆ ತೋರಿಸೋದರಲ್ಲೇ ಇತ್ತು. ಪಕ್ಕದಲ್ಲಿ ಗೈಡೊಬ್ಬರು ಯಾರಿಗೋ ಹೇಳ್ತಿದ್ದರು: ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗ್ತಾ ಹೋಗುತ್ತೆ, ಕೆತ್ತೋದೆಲ್ಲ ಅಷ್ಟರೊಳಗೆ. ನಾವು ಮೂವರೂ ಪುಟ್ಟಿ ಕಡೆ ನೋಡಿದ್ವಿ.

ಮಧ್ಯಾಹ್ನ ಬೇಲೂರು. ಚೆನ್ನಕೇಶವ ಗುಡಿಯ ದರ್ಪಣ ಸುಂದರಿಯನ್ನು ಕತ್ತೆತ್ತಿ ನೋಡಿ ಪುಟ್ಟಿ, "ಅವಳು ಹಲ್ಲು ನೋಡ್ಕೋತಿದಾಳಾ?" ಅಂದಳು. ಆಮೇಲೆ ನಮ್ಮ ಫೋನ್ ಕಿತ್ತುಕೊಂಡು ಫ್ರಂಟ್ ಕ್ಯಾಮೆರಾದಲ್ಲಿ ತನ್ನ ಬಾಯಿ ನೋಡಿಕೊಂಡಳು, ತುಂಬಾ ಹೊತ್ತು. ಆಗ ನಮ್ಮಲ್ಲಿ ಆ ಒಬ್ಬ ತನ್ನ ಮೂರನೇ ಕ್ಲಾಸಿನ ಫೋಟೋ ತೋರಿಸಿದ. ಆ ಫೋಟೋವನ್ನು ಅವನು ನಮಗೂ ಯಾವತ್ತೂ ತೋರಿಸಿರಲಿಲ್ಲ.

"ನಿಂಗೂ ಹಿಂಗೇ ಇತ್ತಾ ಮಾಮ?"

"ಹೂಂ."

"ತಂತಿ ಹಾಕಿದಾಗ ನೋವಾಯ್ತಾ?"

"ಆಯ್ತು. ಆದ್ರೆ ಕ್ಲಾಸಲ್ಲಿ ನಗ್ತಿದ್ರಲ್ಲ, ಅದು ಇನ್ನೂ ಜಾಸ್ತಿ ನೋವು."

ಅವತ್ತು ರಾತ್ರಿ ಕೈಗೆ ಕಾಲುಚೀಲ ಹಾಕು ಅಂತ ಪುಟ್ಟಿಯೇ ಕೇಳಿದಳು. ಬಲವಂತವಾಗಿ ಹಾಕಿದ್ದರೆ ಕಿತ್ತೆಸೀತಿದ್ದಳು. ಚೀಪದೆ ಮಲಗಿದ ರಾತ್ರಿಗೆ ಬೆಳಿಗ್ಗೆ ಕ್ಯಾಲೆಂಡರಲ್ಲಿ ಒಂದು ಆನೆ ಬರೀಬೇಕು ಅಂತ ಮಾತಾಯ್ತು. ಚೀಪಿದರೆ ಬೈಗುಳ ಇಲ್ಲ, ಆ ಮನೆ ಖಾಲಿ ಅಷ್ಟೇ. ಅಜ್ಜಿಗೆ ಇದರಲ್ಲಿ ನಂಬಿಕೆ ಇಲ್ಲ, ಬೇವಿನ ಎಣ್ಣೆ ಬಾಟಲಿ ಇನ್ನೂ ಕಿಟಕಿಯಲ್ಲೇ ಇದೆ.

ಈಗ ಅವರು ಬೆಂಗಳೂರಲ್ಲಿ, ನಾವು ಇಂಟರ್ನಲ್ಸ್ ಮಧ್ಯೆ. ಅಕ್ಕ ಕಳಿಸಿದ ಫೋಟೋದಲ್ಲಿ ಈ ತಿಂಗಳು ಹದಿನೇಳು ಆನೆ. ಒಂದಕ್ಕೂ ಸರಿಯಾಗಿ ಸೊಂಡಿಲಿಲ್ಲ. ಮೊನ್ನೆ ಜ್ವರ ಬಂದಾಗ ನಾಲ್ಕು ರಾತ್ರಿ ಸಾಲಾಗಿ ಖಾಲಿ. ಕೆಳಗಿನ ಒಂದು ಹಲ್ಲು ಆಗಲೇ ಅಲ್ಲಾಡ್ತಿದೆಯಂತೆ.